ಗುಬ್ಬಿ ಎಂಜಲ

ಪೇರಲ ಹಣ್ಣಿನ ವಾಸನೆ ಬಂದರೆ ಈಗಲೂ ನನ್ನ ಕೈ ಅಂಗಿಯ ಚುಂಗಿಗೆ ಹೋಗುತ್ತದೆ, ನಗಬೇಡಿ.

ನಾನು ಚಿಕ್ಕವನಿದ್ದಾಗ, ಯರಗುಪ್ಪಿಯ ಅಜ್ಜಿಮನೆಯಲ್ಲಿ ಅಕ್ಕನಿಗೆ ಮಂಗನಬಾವು ಬಂದು ಗಲ್ಲ ಊದಿತ್ತು. ಅಂಟೀತೆಂದು ಅವಳ ಕೋಣೆಗೆ ನನ್ನನ್ನು ಬಿಡುತ್ತಿರಲಿಲ್ಲ. ಅವಳಿಲ್ಲದೆ ನನಗೆ ಆಟವೇ ಇರಲಿಲ್ಲ. ಕಿಟಕಿಯಲ್ಲಿ ಮೆತ್ತನೆಯ ಪೇರಲ ಕೊಟ್ಟೆ. ಅವಳು ನನ್ನ ಅಂಗಿಯ ಚುಂಗನ್ನೇ ಸರಳುಗಳ ನಡುವಿನಿಂದ ಒಳಗೆ ಎಳೆದು, ಹಣ್ಣಿಗೆ ಮುಚ್ಚಿ ಕಚ್ಚಿ, ಅರ್ಧ ನನಗೆ ಕೊಟ್ಟಳು. ಬಟ್ಟೆ ಅಡ್ಡ ಇದ್ದರೆ ಅದು ಎಂಜಲೇ ಅಲ್ಲ, ಬರೀ ಗುಬ್ಬಿ ಎಂಜಲು!

ಅಕ್ಕ ಎದ್ದು ಓಡಾಡುವ ಹೊತ್ತಿಗೆ ನನ್ನ ಗಲ್ಲ ಊದಿತು.

"ಗುಬ್ಬಿ ಎಂಜಲ ತಿಂದು ಮಂಗ್ಯಾ ಆದ್ಯಲ್ಲೋ!" ಅಜ್ಜಿ ನಕ್ಕಳು.

"ಮತ್ತ ಅಕ್ಕನ್ನ ದೂರ ಇಡ್ತಿ ಏನಬೇ?" ನನಗೆ ಅಳುವೇ ಬಂತು.

"ಯಾಕ? ಆಕಿಗೆ ಬಂದು ಹೋಗೇತಿ, ಇನ್ನ ಬರಂಗಿಲ್ಲ."

ಅಕ್ಕ ಜಿಗಿದು ನನ್ನ ಹಾಸಿಗೆಗೆ ಬಂದಳು. ನಾನು ಕಚ್ಚಿದ್ದ ಪೇರಲ ಕಸಿದು ಬಾಯಿಗಿಟ್ಟಳು.

"ಬಟ್ಟಿ?" ಎಂದೆ.

"ಇನ್ನ ಗುಬ್ಬಿ ಯಾಕ ಬೇಕಲೇ, ಮಂಗ್ಯಾ?"