ಮೊದಲು ರುಚಿ ನೋಡುವವರು

“ನೀನಿರು, ಮೊದಲು ನಾನು ಇಳಿದು ನೋಡ್ತೀನಿ,” ಎಂದು ಅತ್ತೆ ಕೈಗೋಲನ್ನು ಗೋಡೆಗೆ ಒರಗಿಸಿದಾಗ ಹೆರಿಗೆ ಕೋಣೆಯ ನರ್ಸ್‌ಗೆ ನಗಬೇಕೋ ತಡೆಯಬೇಕೋ ತಿಳಿಯಲಿಲ್ಲ. ಕೋಣೆಯ ನಡುವೆ ನೀಲಿ ತೊಟ್ಟಿ, ತೊಟ್ಟಿಯ ತುಂಬ ಬೆಚ್ಚನೆಯ ನೀರು. ನೀರಿನಲ್ಲಿ ಹೆರುವ ಯೋಚನೆಯಿರುವ ಬಸುರಿಯರು ಒಂದು ಗಳಿಗೆ ಕೂತು ನೋಡಲಿ ಎಂದೇ ತುಂಬಿಸಿಟ್ಟದ್ದು. ಆಸ್ಪತ್ರೆಯ ಸಡಿಲ ಅಂಗಿಗಾಗಿ ಕೈಚಾಚಿದ್ದವಳು ತುಂಬು ಬಸುರಿ ಸೊಸೆ. ಅಂಗಿ ಈಗ ಅತ್ತೆಯ ಕೈಯಲ್ಲಿತ್ತು.

“ಅಮ್ಮಾ, ಇದು ಬಸುರಿಯರಿಗೆ ಅಂತ...”

“ಗೊತ್ತಮ್ಮ. ನಾನೂ ಒಂದು ಕಾಲಕ್ಕೆ ಬಸುರಿಯೇ. ಮೂವತ್ತು ವರ್ಷ ಹಾಸ್ಟೆಲಿನಲ್ಲಿ ಅಡುಗೆ ಮಾಡಿದ್ದೀನಿ. ನಾನು ಬಾಯಿಗೆ ಹಾಕ್ಕೊಂಡು ನೋಡದ್ದನ್ನ ಒಂದು ಮಗುವಿನ ತಟ್ಟೆಗೂ ಬಡಿಸಿದವಳಲ್ಲ. ಈಗ ಇವಳನ್ನ ಹಾಗೇ ಇಳಿಸಿಬಿಡ್ಲಾ?”

ಮನೆಯಲ್ಲಿ ಈ ಮಾತು ಎದ್ದಾಗಿನಿಂದ ಅತ್ತೆಯದು ಒಂದೇ ಪಲ್ಲವಿ. ‘ಮಗು ಹೆರೋದು ಅಂದ್ರೆ ಬಟ್ಟೆ ನೆನೆಹಾಕೋ ಕೆಲಸಾನಾ? ಬಾನಿಯೊಳಗೆ ಹೆರೋದಾದ್ರೆ ನನ್ನನ್ನ ಕರೀಬೇಡ, ನಾನು ಬರಲ್ಲ.’ ಅವರಿಗೆ ತಿಳಿಸಿ ಹೇಳುವುದೆಂದರೆ ನೀರಿನಲ್ಲಿ ಹೋಮ ಮಾಡಿದಂತೆ. ಆದರೆ ಆ ಕೊನೆಯ ಮಾತು ಸೊಸೆಯ ಎದೆಗೆ ನಾಟಿತ್ತು. ಅವಳು ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವಳು. ಗಂಡ ಒಳ್ಳೆಯವನೇ, ಆದರೆ ಗಡ್ಡ ಮಾಡಿಕೊಳ್ಳುವಾಗ ಒಂದು ಹನಿ ರಕ್ತ ಕಂಡರೂ ಗೋಡೆ ಹಿಡಿದು ಕೂರುವ ಆಸಾಮಿ. ‘ನೀವಿಬ್ಬರೂ ಹೇಗೆ ಹೇಳ್ತೀರೋ ಹಾಗೆ’ ಎಂದು, ಹಾವೂ ಸಾಯದಂತೆ ಕೋಲೂ ಮುರಿಯದಂತೆ, ಮೆಲ್ಲಗೆ ಜಾರಿಕೊಂಡಿದ್ದ.

ನೀರು ಬೇಕೆಂದರೆ ಅತ್ತೆಯಿಲ್ಲ, ಅತ್ತೆ ಬೇಕೆಂದರೆ ನೀರಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಮೂಗಿನ ಮೇಲೆ ಗಾಜು ಬದಲಿಸುತ್ತ ‘ಇದು ಚೆನ್ನಾಗಿ ಕಾಣುತ್ತಾ, ಅದಾ?’ ಎಂದು ಕೇಳುವವಳು. ತನ್ನ ಸರದಿ ಬಂದಾಗ ಮಾತ್ರ ಎರಡೂ ಮಸುಕು. ಕೋಣೆ ಬೇಕೋ ಬೇಡವೋ ಎಂದು ಇವತ್ತೇ ಹೇಳಬೇಕಿತ್ತು. ‘ಬರೀ ನೋಡೋಕೆ’ ಎಂದು ಅತ್ತೆಯೂ ಜೊತೆಗೆ ಹೊರಟು ಬಂದಿದ್ದರು.

ಅತ್ತೆಯ ಮೊಣಕಾಲುಗಳು ಮಡಚುವುದನ್ನು ಬಿಟ್ಟು ವರ್ಷಗಳಾಗಿದ್ದವು. ಮನೆಯಲ್ಲಿ ಅವರಿಗೆ ಎತ್ತರದ ಕುರ್ಚಿ, ಮುಂದಕ್ಕೆ ಚಾಚಿದ ಎರಡು ಕಾಲು. ಓಡಾಡುವವರು ಸುತ್ತಿಕೊಂಡೇ ಹೋಗಬೇಕು. ನರ್ಸ್ ರಟ್ಟೆ ಹಿಡಿದು, ಮೆಟ್ಟಿಲಿಗೊಂದು ‘ಅಯ್ಯಯ್ಯೋ’ ಕೇಳಿಸಿಕೊಂಡು, ಅಂತೂ ಅವರನ್ನು ನೀರಿಗೆ ಇಳಿಸಿದಳು. ಎದೆಮಟ್ಟ ನೀರಲ್ಲಿ ಕೂತ ಅತ್ತೆ ಏನಾದರೊಂದು ತಪ್ಪು ಹುಡುಕುತ್ತಾರೆಂದು ಸೊಸೆ ಕಾದಳು. ಅವರು ಕಣ್ಣು ಮುಚ್ಚಿಕೊಂಡರು.

“ಅತ್ತೆ, ಹುಷಾರಾಗಿದ್ದೀರಾ?”

“ಸುಮ್ಮನಿರು. ನೋಡ್ತಿದ್ದೀನಿ.” ಆಮೇಲೆ ನರ್ಸ್‌ಗೆ ಪ್ರಶ್ನೆ ಬಂತು. “ಮಗು ನೀರು ಕುಡಿದುಬಿಟ್ರೆ?”

“ಮುಖಕ್ಕೆ ಗಾಳಿ ತಗಲೋವರೆಗೂ ಅದು ಸಾಮಾನ್ಯವಾಗಿ ಉಸಿರು ಎಳೆಯಲ್ಲಮ್ಮ. ಹೊಕ್ಕುಳಬಳ್ಳಿಯಲ್ಲೇ ಎಲ್ಲಾ ಸಿಗ್ತಿರುತ್ತೆ. ಹುಟ್ಟಿದ ಕೂಡ್ಲೇ ಮೇಲೆತ್ತುತ್ತೀವಿ. ಮೊದಲೇ ಏನಾದ್ರೂ ಸರಿಯಿಲ್ಲ ಅನ್ನಿಸಿದ್ರೆ ಇವರನ್ನ ಹೊರಗೆ ಕರ್ಕೊಂಡು ಆ ಮಂಚಕ್ಕೆ.”

“ಅಳುತ್ತೆ ತಾನೆ?”

“ಕೆಲವು ತಕ್ಷಣ ಅಳಲ್ಲ. ಕಣ್ಣು ಬಿಟ್ಕೊಂಡು ನೋಡ್ತವೆ ಅಷ್ಟೇ.”

ಸೊಸೆಗೆ ಕುತೂಹಲ ತಡೆಯಲಾಗಲಿಲ್ಲ. “ಒಳಗೂ ನೀರು, ಹೊರಗೂ ನೀರು. ಹಾಗಾದ್ರೆ ತಾನು ಹುಟ್ಟಿದ್ದೀನಿ ಅಂತ ಅದಕ್ಕೆ ಯಾವಾಗ ಗೊತ್ತಾಗುತ್ತೆ?”

ನರ್ಸ್ ಬಾಯಿ ತೆರೆಯುವ ಮೊದಲೇ ಉತ್ತರ ತೊಟ್ಟಿಯೊಳಗಿನಿಂದ ಬಂತು.

“ಯಾರಾದ್ರೂ ಎತ್ತಿಕೊಂಡಾಗ,” ಎಂದರು ಅತ್ತೆ, ಕಣ್ಣು ತೆರೆಯದೆಯೇ. ಅವರ ಎರಡೂ ಕೈಗಳು ತೊಟ್ಟಿಯ ಅಂಚಿನ ಹಿಡಿಗಳನ್ನು ಗಟ್ಟಿಯಾಗಿ ಹಿಡಿದಿದ್ದವು. “ನಿನ್ನ ಗಂಡ ಹುಟ್ಟುವಾಗ ನಾನು ಕಿಟಕಿ ಸರಳು ಹಿಡ್ಕೊಂಡು ನಿಂತಿದ್ದೆ ಕಣೇ. ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಆಮೇಲೆ ಬಂದವರೆಲ್ಲ ಮಗೂನ ನೋಡೋಕೆ ಬಂದವರು. ಹೆರೋದು ಅಂದ್ರೆ ಹಾಗೇ, ಒಬ್ಬಳೇ ಹಲ್ಲು ಕಚ್ಕೊಂಡು ಮುಗಿಸೋದು ಅಂದ್ಕೊಂಡಿದ್ದೆ.”

ಇಷ್ಟು ದಿನ ಈ ಹೆಂಗಸು ಜಗಳವಾಡಿದ್ದು ನೀರಿನ ಮೇಲಲ್ಲ, ಆ ಒಂಟಿತನದ ಮೇಲೆ ಎಂದು ಸೊಸೆಗೆ ಈಗ ಹೊಳೆಯಿತು. ಅವಳು ನರ್ಸ್ ಕಡೆ ತಿರುಗಿದಳು.

“ಇದರಲ್ಲಿ ಇನ್ನೊಬ್ಬರು ಜೊತೆಗೆ ಕೂರಬಹುದಾ?”

“ಓ, ಗಂಡಂದಿರು ಕೂರ್ತಾರೆ. ಹಿಂದೆ ಕೂತು ಬೆನ್ನಿಗೆ ಆಸರೆ ಕೊಡ್ತಾರೆ.”

“ಗಂಡನೇ ಆಗ್ಬೇಕಾ?”

ನರ್ಸ್ ನಕ್ಕಳು. “ಒಬ್ಬರು ಅಂತ ಇದೆ. ಯಾರು ಅಂತ ಇಲ್ಲ.”

ಅತ್ತೆ ಕಣ್ಣು ಬಿಟ್ಟರು. ಸೊಸೆಯ ಮುಖ ನೋಡಿದರು, ಹೊಟ್ಟೆ ನೋಡಿದರು, ತೊಟ್ಟಿಯ ಈ ಅಂಚಿನಿಂದ ಆ ಅಂಚಿನವರೆಗೆ ಅಳೆಯುವಂತೆ ನೋಡಿದರು.

“ಬಾನಿ ಚಿಕ್ಕದಾಯ್ತು,” ಎಂದು ಗೊಣಗಿದರು. ಗೊಣಗುತ್ತಲೇ, ಬೆಚ್ಚನೆಯ ನೀರಲ್ಲಿ ಸಡಿಲಗೊಂಡ ಎರಡೂ ಮೊಣಕಾಲುಗಳನ್ನು ಎದೆಗೆ ಮಡಚಿಕೊಂಡು, ಹಿಂದಕ್ಕೆ ಸರಿದು, ಜಾಗ ಮಾಡಿದರು.