ಜನ ಮರೆಯದ ಸೀರಿಯಲ್

ಟಿವಿಯ ಸದ್ದನ್ನು ಪೂರ್ತಿ ಏರಿಸಿದ ಮೇಲೆಯೇ ಪಾಲಾಕ್ಷ ಕೈ ಎತ್ತುತ್ತಿದ್ದ. ಹಳೆಯ ಹಾಸ್ಯ ಧಾರಾವಾಹಿ. ಅದರಲ್ಲಿ ಮಾತು ಮಾತಿಗೂ ಹಿನ್ನೆಲೆಯಲ್ಲಿ ಜನ ಘೊಳ್ಳೆಂದು ನಗುತ್ತಿದ್ದರು. ಆ ನಗುವಿನಲ್ಲಿ ಅವನ ಹೆಂಡತಿ ಸರ್ವಮಂಗಳಾಳ ಚೀರಾಟ ವಠಾರದ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಇವತ್ತು ಜಡೆ ಹಿಡಿದು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸುತ್ತಿದ್ದಾಗ ಯಾರೋ ಬಾಗಿಲು ಬಡಿದರು.

“ಉಸಿರು ಬಿಟ್ರೆ ಹೂತುಬಿಡ್ತೀನಿ,” ಎಂದು ಅವಳನ್ನು ಬಾಗಿಲ ಮರೆಗೆ ತಳ್ಳಿ ಅಗುಳಿ ತೆಗೆದ. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಮುದುಕಿ ಅಂಬುಜಮ್ಮ ನಿಂತಿದ್ದರು. ಸರ್ವಮಂಗಳಾ ಬಾಯಲ್ಲಿ ತುಂಬಿದ ರಕ್ತವನ್ನು ನುಂಗಿ, ಇವರಿಗಾದರೂ ಗೊತ್ತಾಗಲಿ ದೇವರೇ ಎಂದುಕೊಂಡಳು.

“ಏನಪ್ಪಾ, ದಿನಾ ಇದೇ ಸೀರಿಯಲ್ಲಾ?”

“ಎಷ್ಟು ನೋಡಿದ್ರೂ ಬೇಜಾರಾಗಲ್ಲ ಅಜ್ಜಿ,” ಪಾಲಾಕ್ಷ ಹಲ್ಲು ಕಿರಿದ. “ಆ ಕಾಲದ್ದು ಬೇರೆ ಎಷ್ಟೋ ಇದ್ವು, ಜನ ಎಲ್ಲಾ ಮರೆತುಬಿಟ್ರು. ಇದೊಂದು ಮಾತ್ರ ಯಾಕೆ ಉಳ್ಕೊಂತೋ!”

“ಬೇರೆದ್ರಲ್ಲಿ ಇಷ್ಟು ಜೋರಾಗಿ ನಗೋರು ಇರ್ಲಿಲ್ಲ ಕಣೋ.” ಅಂಬುಜಮ್ಮ ಅವನನ್ನು ಪಕ್ಕಕ್ಕೆ ನೂಕಿ ಒಳಗೆ ಬಂದು, ಬಾಗಿಲ ಮರೆಗೆ ಕೈ ಚಾಚಿದರು. “ಬಾರಮ್ಮ ಹೊರಗೆ. ನಮ್ಮ ಯಜಮಾನ್ರೂ ಇದನ್ನೇ ಹಾಕ್ತಿದ್ರು.”