ಬೆಳ್ಳಿ ಬಣ್ಣದ ಇಂಜಿನ್

"ತಗೋಬಹುದು," ಎಂದ ವಿಡಾಲ್, ಇಂಜಿನ್ ಪಕ್ಕದಿಂದ ಎದ್ದು ಮಂಡಿಯ ಧೂಳು ಕೊಡವುತ್ತ. "ವಾಲ್ವ್ ಬಗ್ಗಿದಾವೆ, ಪಿಸ್ಟನ್ ಹೋಗಿದಾವೆ. ಅದನ್ನೆಲ್ಲ ನಾನು ಹೊಸದಾಗಿ ಕಟ್ಕೊಡ್ತೀನಿ. ಅವೆಲ್ಲ ಕೂರೋ ಬ್ಲಾಕ್ ಗಟ್ಟಿ ಇದೆ. ಅದೊಂದು ಗಟ್ಟಿ ಇದ್ರೆ ಆಯ್ತು."

ವಿಡಾಲ್ ಬಾಸಿಲಿಯಾಳ ಅಕ್ಕನ ಗಂಡ, ಮೆಕ್ಯಾನಿಕ್. ಎಲ್ ಆಲ್ಟೊ ಊರಿನ ಹಳೇ ಸಾಮಾನಿನ ಸಂತೆಯನ್ನೆಲ್ಲ ಜಾಲಾಡಿದ ಮೇಲೆ ಅವಳ ಮಿನಿಬಸ್ಸಿಗೆ ಹೊಂದುವ ಇಂಜಿನ್ ಸಿಕ್ಕಿದ್ದು ಇದೊಂದೇ. ಹಳೆಯದು ಏರುದಾರಿಯಲ್ಲಿ ಸುಟ್ಟುಹೋಗಿತ್ತು. ಈ ತಿಂಗಳೊಳಗೆ ಗಾಡಿ ರಸ್ತೆಗಿಳಿಯದಿದ್ದರೆ ಚಾಲಕರ ಸಂಘ ದಾರಿಯಲ್ಲಿ ಗಾಡಿ ಓಡಿಸುವ ಅವಳ ಸರದಿಯನ್ನು ರೆಮಿಗಿಯೊ ಎಂಬ ಇನ್ನೊಬ್ಬ ಚಾಲಕನಿಗೆ ಕೊಡುತ್ತದೆ. ಅವನೂ ಅದೇ ಮಾದರಿಯ ಖಾಲಿ ಗಾಡಿಯೊಂದನ್ನು ಕೊಂಡು ಇಂಜಿನ್ ಹುಡುಕುತ್ತಿದ್ದ. "ಚಿಂತೆ ಬೇಡ ಅಕ್ಕ, ನಿಮ್ಮ ಜಾಗ ಬೆಚ್ಚಗಿಟ್ಟಿರ್ತೀನಿ," ಎಂದು ಸಂಘದ ಎದುರಿಗೇ ಹಲ್ಲು ಕಿಸಿದಿದ್ದ. ಆ ದಾರಿಯಲ್ಲಿ ಗಾಡಿ ಓಡಿಸುವ ಹೆಂಗಸು ಇವಳೊಬ್ಬಳೇ. ಹೋದ ಸರದಿಯನ್ನು ವಾಪಸ್ಸು ಕೊಡುವಂಥ ಧಾರಾಳಿಗಳು ಸಂಘದಲ್ಲಿ ಯಾರೂ ಇರಲಿಲ್ಲ.

"ಭಾವನೇ ಹೇಳಿದ್ಮೇಲೆ ಇನ್ನೇನ್ ನೋಡ್ತೀರಿ?" ಎಂದ ವ್ಯಾಪಾರಿ ಕಾಸಿಯಾನೊ. "ಹೆಂಗೆ ಹೊಳೀತಿದೆ ನೋಡಿ, ಮದುಮಗನ ಥರ."

"ಮದುಮಗಂಗೆ ವಯಸ್ಸೆಷ್ಟು?"

"ವಯಸ್ಸು ಯಾಕೆ ಅಕ್ಕಾವ್ರೆ, ದುಡಿಮೆ ಕೇಳಿ."

ಬಾಸಿಲಿಯಾ ನಕ್ಕು, ಬೆನ್ನಿನ ಗಂಟಿನಿಂದ ಸಾರಾಯಿ ಬಾಟಲಿ ತೆಗೆದಳು. ಅಪ್ಪಟ ಸಾರಾಯಿ, ನೀರು ಬೆರೆಸದ್ದು.

"ಮೊದ್ಲು ಭೂಮಿತಾಯಿ ಪಚಮಾಮಾಗೆ ಕುಡಿಸೋಣ."

"ಅಯ್ಯೋ, ಅದನ್ನ ಮನೆಗೆ ಹೋಗಿ ಮಾಡಿ. ದುಡ್ಡು ಕೊಟ್ಟು, ಸಾಮಾನು ಮನೆ ಸೇರಿದ್ಮೇಲೆ ಕುಡಿಸೋದಲ್ವಾ?"

ಪದ್ಧತಿ ಅದೇ, ಎಲ್ಲರೂ ಮಾಡುವುದು ಹಾಗೆಯೇ. ಬಾಸಿಲಿಯಾಳ ತಾಯಿ ಮಾತ್ರ, ಒಂದು ಕುರಿ ಕೊಂಡರೂ ಮಾರುವವರ ಅಂಗಳದಲ್ಲೇ ಭೂಮಿತಾಯಿಗೆ ಕುಡಿಸಿ, ಆಮೇಲೆ ದುಡ್ಡಿನ ಗಂಟು ಬಿಚ್ಚುತ್ತಿದ್ದಳು. ಮಗಳಿಗೂ ಅದೇ ರೂಢಿಯಾಗಿತ್ತು. ನೆಲಕ್ಕೆ ಒಂದಿಷ್ಟು ಸುರಿದು, ಬಾಟಲಿಯನ್ನು ಇಂಜಿನ್ ಮೇಲೆ ಎತ್ತಿದಳು. ಕಾಸಿಯಾನೊ ಕೈ ಅಡ್ಡ ಚಾಚಿದ.

"ಸಾಕು ಸಾಕು! ನೆಲಕ್ಕೆ ಹಾಕಿದ್ರಲ್ಲ."

"ಇದರ ಕಬ್ಬಿಣ ಮತ್ತೆಲ್ಲಿಂದ ಬಂತು, ಆಕಾಶದಿಂದ್ಲಾ?" ಎಂದು ನಾಲ್ಕೂ ಮೂಲೆಗೆ ಸುರಿದೇಬಿಟ್ಟಳು.

ಸಾರಾಯಿ ಹರಿದಲ್ಲೆಲ್ಲ ಬೆಳ್ಳಿ ಬಣ್ಣ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ನಿನ್ನೆಯೋ ಮೊನ್ನೆಯೋ ಬಳಿದ ಬಣ್ಣ. ಅದರ ಕೆಳಗೆ ಬ್ಲಾಕಿನ ಮೈಮೇಲೆ ಬೆರಳುದ್ದದ ಬೂದು ಗೆರೆ ಕಂಡಿತು. ವಿಡಾಲ್ ಉಗುರಿನಿಂದ ಕೆರೆದ. ತುಂಬಿದ್ದ ಮೇಣ ಉದುರಿ, ಬಿರುಕು ಬಾಯಿ ಬಿಟ್ಟಿತು.

ಬಾಸಿಲಿಯಾಳಿಗೆ ಅಳುವೇ ಬಂತು. ಮನಸ್ಸಿನಲ್ಲಿ ಅವಳು ಆಗಲೇ ಗಾಡಿ ಹೊರಡಿಸಿಯಾಗಿತ್ತು.

"ಕುಡಿಸಿದ್ಮೇಲೆ ಬೇಡ ಅನ್ನಂಗಿಲ್ಲ," ಎಂದ ಕಾಸಿಯಾನೊ, ಸ್ವಲ್ಪವೂ ನಾಚದೆ. "ತಾಯಿ ಸಾಕ್ಷಿ. ಮಾತು ಮುರಿದ್ರೆ ಅವಳು ಸುಮ್ನಿರಲ್ಲ."

ವಿಡಾಲನ ಮುಖ ಸಣ್ಣಗಾಗಿತ್ತು. "ಅವನು ಹೇಳೋದೂ ನಿಜಾನೇ, ಕುಡಿಸಿಬಿಟ್ಟಿದೀವಿ. ನಾನು ಬೆಸುಗೆ ಹಾಕ್ತೀನಿ, ಒಂದಷ್ಟು ದಿನ ಓಡತ್ತೆ."

"ಆಮೇಲೆ ಎಲ್ಲಿ ನಿಲ್ಲತ್ತೆ ಭಾವ?"

"ಎಲ್ಲಿ ಅಂದ್ರೆ... ಏರಲ್ಲಿ."

ಅವಳ ದಾರಿ ಮುಕ್ಕಾಲು ಪಾಲು ಏರೇ. ಹಿಂದಿನ ಸೀಟುಗಳ ತುಂಬ ಜನ.

ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. "ನಾನು ಕುಡಿಸಿದ್ದು ತಾಯಿಗೆ. ಅವಳು ಕುಡಿದು ನಿಜ ಹೇಳಿದ್ಲು. ನಮ್ಮಿಬ್ಬರ ಲೆಕ್ಕ ಮುಗೀತು."

ಅವಳೂ ವಿಡಾಲನೂ ಮೂಲೆಯ ಅಂಗಡಿಯಲ್ಲಿ ಬಿಸಿ ಜೋಳದ ಗಂಜಿ ಕುಡಿಯುತ್ತ ನಿಂತರು. ಸರದಿ ಹೋದಂತೆಯೇ. ಎದುರಿಗೆ ಕಾಸಿಯಾನೊ ಇಂಜಿನ್ ಒರೆಸಿ, ಬಿರುಕಿಗೆ ಮೇಣ ಮೆತ್ತಿ, ಬಣ್ಣದ ಡಬ್ಬಿ ಕುಲುಕುತ್ತಿದ್ದ. ಗಂಜಿ ಮುಗಿಯುವಷ್ಟರಲ್ಲಿ ಮದುಮಗ ಮತ್ತೆ ಸಿದ್ಧನಾಗಿದ್ದ. ಅಷ್ಟು ಹೊತ್ತಿಗೆ ಗಿರಾಕಿಯೂ ಬಂದ. ರೆಮಿಗಿಯೊ.

"ಸುಮ್ನಿರು," ಎಂದು ವಿಡಾಲ್ ಪಿಸುಗುಟ್ಟಿದ. "ತಗೊಳ್ಳಲಿ. ಕಟ್ಟಿಸಿದ ಮೊದಲನೇ ವಾರಕ್ಕೇ ನಿಂತೋಗತ್ತೆ. ಸರದಿ ನಿಂಗೇ ಬರತ್ತೆ."

ಅವಳೂ ಅದನ್ನೇ ಯೋಚಿಸುತ್ತಿದ್ದಳು. ಯೋಚನೆ ರುಚಿಯಾಗಿಯೂ ಇತ್ತು.

ಕಾಸಿಯಾನೊ ಹೇಳುವುದು ಕೇಳಿಸಿತು: "ಬ್ಲಾಕ್ ಕಲ್ಲಿನಂಗಿದೆ ಅಣ್ಣ. ಮನೆಗೊಯ್ದು ಬಿಯರ್ ಹಾಕಿ. ಪಚಮಾಮಾಗೆ ಈಗ ಬಿಯರೇ ಇಷ್ಟ, ಸಾರಾಯಿ ಮುಟ್ಟಲ್ಲ."

ರೆಮಿಗಿಯೊ ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದ. ಬಾಸಿಲಿಯಾ ಲೋಟ ಕೆಳಗಿಟ್ಟು, ದಾರಿ ದಾಟಿ ಹೋಗಿ, ಅರ್ಧ ಉಳಿದಿದ್ದ ಬಾಟಲಿಯನ್ನು ಅವನ ಇನ್ನೊಂದು ಕೈಯಲ್ಲಿಟ್ಟಳು.

"ಬಿಯರ್ ಮನೇಲಿ ಹಾಕು," ಎಂದಳು. "ಇದನ್ನ ಇಲ್ಲೇ ಹಾಕು."